ಬಾವಿಯ ಮೇಲೆ ಬಿದ್ದ ಬೆಳಕು

ಮೈಲೂರು, ಬೀದರ
೧೯ ಜೂನ್ ೨೦೧೬, ರವಿವಾರ

ಪ್ರೀತಿಯ ತಮ್ಮಾ ಗೋರಖ,

ಜೈಭೀಮ್. ಆರಾಮ ಇದ್ದೀಯಾ? ಹೊಟ್ಟೆಯ ಉರಿ ಕಡಿಮೆಯಾಯಿತೋ, ಇನ್ನೂ ಬೆಳಗಾಗೆದ್ದು ಖಾಲಿ ಹೊಟ್ಟೆಗೆ ಎರಡು ಕಪ್ ಚಹಾ ಸುರಿದುಕೊಳ್ಳುತ್ತೀಯೋ? ನೀನು ವಡಾಪಾವ್ ತಿಂದೇ ದಿನ ದೂಡುತ್ತಿದ್ದೀ ಎಂದು ಪಂಢರಿ ಹೇಳಿದ. ಪುಣೆಯಂಥ ಊರಿನಲ್ಲಿ ಅತ್ತೆಯ ಮಗನಾದರೂ ಪಕ್ಕದ ಕೋಣೆಯಲ್ಲಿದ್ದಾನಲ್ಲ, ಅದೊಂದೇ ನನಗೆ ಸಮಾಧಾನ. ಈ ವಿಳಾಸ ಕೊಟ್ಟವನೂ ಅವನೇ. ಅವನ ಮೇಲೆ ರೇಗಬೇಡ, ಬೈದು ಬೈದು ನಾನೇ ಕಿತ್ತುಕೊಂಡೆ. ನೀನು ನನ್ನ ಫೋನನ್ನು ಹನ್ನೊಂದು ಸಲ ಕಟ್ ಮಾಡಿದ್ದೀಯ. ಲೆಕ್ಕ ಇಟ್ಟಿದ್ದೇನೆ, ಟೀಚರ್ ಅಲ್ಲವೇ ನಾನು. ಕಾಗದಕ್ಕೆ ಕಟ್ ಮಾಡುವ ಗುಂಡಿ ಇಲ್ಲ. ಹರಿದರೂ ಹರಿಯುವ ಮುಂಚೆ ಒಂದೆರಡು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ. ಆದರೆ ಹರಿಯಬೇಡ, ತಮ್ಮಾ. ಪೂರ್ತಿ ಓದು. ಓದಿದ ಮೇಲೆ ಏನು ಬೇಕಾದರೂ ಮಾಡು.

ಇಲ್ಲಿ ಮಿರಗದ ಮಳೆ ನಕ್ಷತ್ರ ಕೂಡಿ ಹನ್ನೆರಡು ದಿನವಾಯಿತು. ಎರಡು ಸಲ ಅಂಗಳ ತೋಯುವಷ್ಟು ಹನಿದು ಮೋಡ ಎತ್ತಲೋ ಹೋಯಿತು. ನಳದ ನೀರು ಈಗಲೂ ಎಂಟೊಂಬತ್ತು ದಿನಕ್ಕೊಮ್ಮೆ. ಶಾಲೆ ಶುರುವಾಗಿದೆ, ನಾನು ಮೊದಲಿನಂತೆಯೇ ಬೆಳಗಿನ ಬಸ್ಸಿಗೆ ಜನವಾಡಕ್ಕೆ ಹೋಗಿಬರುತ್ತೇನೆ. ನನ್ನ ಮೂರನೇ ತರಗತಿಯ ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರಿವೆ. ಕೂಗಿದರೆ ಹತ್ತೊಂಬತ್ತು ಮಕ್ಕಳು ಓ ಎನ್ನುತ್ತಾರೆ. ಉಳಿದವರು ತಂದೆ-ತಾಯಿಯ ಬೆನ್ನಿಗೆ ಹೈದರಾಬಾದಿಗೋ ನಿಮ್ಮ ಪುಣೆಗೋ ದುಡಿಯಲು ಹೋದವರು ತಿರುಗಿ ಬಂದಿಲ್ಲ. ಹೆಸರು ಹೊಡೆದು ಹಾಕಲು ಮನಸ್ಸು ಬಾರದೆ ದಿನಾ ಎಲ್ಲವನ್ನೂ ಕೂಗುತ್ತೇನೆ. ಮಕ್ಕಳು ನಗುತ್ತವೆ. ನಿನ್ನ ಗೆಳೆಯರು ಮಕ್ಸೂದ, ಹಬೀಬ ಇಬ್ಬರೂ ಚೆನ್ನಾಗಿದ್ದಾರೆ, ನಿನ್ನನ್ನು ಕೇಳುತ್ತಿರುತ್ತಾರೆ.

ಇನ್ನು ಅಪ್ಪನ ಸುದ್ದಿ. ಅಪ್ಪನಿಗೆ ಸ್ವಲ್ಪ ಬಿಸಿಲು ಬಡಿದಿದೆ ಅಷ್ಟೇ ಎಂದು ಪಂಢರಿ ಹೇಳಿರಬೇಕು. ಹಾಗೆ ಹೇಳು ಎಂದವಳು ನಾನೇ. ಅದು ಸುಳ್ಳು. ಅಪ್ಪನಿಗೆ ಲಕ್ವಾ ಹೊಡೆದಿದೆ. ಬಲಗೈ, ಬಲಗಾಲು ಹೋಗಿವೆ. ಬಾಯಿ ಸೊಟ್ಟಗಾಗಿದೆ, ಮಾತು ಒಂದೊಂದೇ ಬರುತ್ತದೆ, ಅದೂ ಬೆಳಗಿನ ಹೊತ್ತು ಮಾತ್ರ. ನಾನೇ ಉಣಿಸುತ್ತೇನೆ, ನಾನೇ ತೊಳೆಯುತ್ತೇನೆ. ಅದಕ್ಕೆ ನನಗೆ ಬೇಸರವಿಲ್ಲ. ನನ್ನ ಎದೆ ಒಡೆಯುತ್ತಿರುವುದು ಬೇರೆ ಮಾತಿಗೆ. ನಮ್ಮೂರು ಮೆಹಕರದ ಓಣಿಯ ಬಾವಿ ತನ್ನ ಕೈಯಿಂದಲೇ ಹೋಯಿತು, ತನ್ನ ಮಂದಿಗೆ ತಾನೇ ಮೋಸ ಮಾಡಿದೆ ಎಂದು ಅಪ್ಪ ನಂಬಿಬಿಟ್ಟಿದ್ದಾರೆ. ಹಾಗೆ ನಂಬಿಕೊಂಡೇ ಸಾಯುತ್ತಾರೆ, ಗೋರಖ. ಅವರು ಮೋಸ ಮಾಡಿಲ್ಲ. ಅವರ ಅಳತೆ ತಪ್ಪಿರಲಿಲ್ಲ. ತಪ್ಪಿದ್ದು ನಮ್ಮ ಆಟದ ಮೇಜು. ಇದನ್ನು ಹೇಳಲಿಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಆ ಮೇಜಿನ ಸುತ್ತ ಎಷ್ಟು ನಗುತ್ತಿದ್ದೆವು, ನೆನಪಿದೆಯಾ? ಇಡೀ ವಾರ ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬದವರ ಮುಖ ಬೆಳ್ಳಗೆ ಮಾಡಿ ಸುಸ್ತಾಗಿ ಬಂದವನು, ರವಿವಾರ ಬಂತೆಂದರೆ ರಾಜನಾಗುತ್ತಿದ್ದೆ. ಅದೇನು ಆಟವೆಂದು ಪಕ್ಕದ ಮನೆಯವರು ಇವತ್ತಿಗೂ ಕೇಳುತ್ತಾರೆ. ನಮ್ಮ ತಮ್ಮ ಕಥೆ ಹೇಳುತ್ತಾನೆ, ನಾವು ಕಥೆಯೊಳಗಿನ ಮಂದಿಯಾಗುತ್ತೇವೆ, ದಾಳ ಉರುಳಿಸಿ ಬದುಕುತ್ತೇವೆ ಇಲ್ಲವೇ ಸಾಯುತ್ತೇವೆ ಎನ್ನುತ್ತೇನೆ. ಅವರಿಗೆ ತಿಳಿಯುವುದಿಲ್ಲ, ಹೋಗಲಿ. ಮದುವೆಯ ವಿಡಿಯೋ ತೆಗೆಯುವ ಮಕ್ಸೂದ ತನ್ನ ಹಳೆಯ ಪ್ರೊಜೆಕ್ಟರ್ ತಂದು, ಮಾಳಿಗೆಯ ಗರ್ಡರಿಗೆ ತೂತು ಕೊರೆದ ಹಲಗೆಯೊಂದನ್ನು ತೂಗುಹಾಕಿ, ಅದರ ಮೇಲೆ ಪ್ರೊಜೆಕ್ಟರನ್ನು ಮುಖ ಕೆಳಗೆ ಮಾಡಿ ಮಲಗಿಸಿದ್ದ. ಕಿಟಕಿ ಮುಚ್ಚಿ ಗುಂಡಿ ಒತ್ತಿದರೆ ನಮ್ಮ ಬಿಳಿ ಬಣ್ಣದ ಮೇಜಿನ ಮೇಲೆ ನಕಾಶೆ ಬಂದು ಬೀಳುತ್ತಿತ್ತು. ಒಂದು ವಾರ ಕೋಟೆ, ಒಂದು ವಾರ ಕಾಡು, ಒಂದು ವಾರ ಸಮುದ್ರ. ಬೀದರದವರಿಗೆ ಸಮುದ್ರ! ಹಬೀಬ ತನ್ನ ಬಿದ್ರಿ ಕಾರಖಾನೆಯ ಚೂರುಪಾರು ಕರಗಿಸಿ ನಮಗೊಂದೊಂದು ಗೊಂಬೆ ಎರಕ ಹೊಯ್ದು ತಂದಿದ್ದ, ಬೆರಳಿನ ತುದಿಯಷ್ಟು ಕರಿ ಗೊಂಬೆ, ಎದೆಗೊಂದು ಬೆಳ್ಳಿಯ ಗೆರೆ. ನನ್ನ ಗೊಂಬೆಗೆ ಸೊಂಟವೇ ಇಲ್ಲವೆಂದು ನಾನು ಜಗಳವಾಡಿದ್ದೆ.

ಮೊದಮೊದಲು ಅಪ್ಪ ಬಾಗಿಲಲ್ಲೇ ನಿಂತು ಮೂಗು ಮುರಿಯುತ್ತಿದ್ದರು. ಸರ್ವೇ ಇಲಾಖೆಯಲ್ಲಿ ಇಪ್ಪತ್ತೈದು ವರ್ಷ ಸರಪಳಿ ಹಿಡಿದು ಹೊಲ ಅಳೆದ ಮನುಷ್ಯನಿಗೆ ನಮ್ಮ ನಕಾಶೆ ಕಂಡರೆ ಮೈ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ಒಳಗೇ ಬಂದುಬಿಟ್ಟರು. “ಇದೇನೋ ಗೋರಖ, ನಿನ್ನ ಸಿಪಾಯಿ ಮನಿಕಿಂತ ದೊಡ್ಡಂವ ಆಗ್ಯಾನಲ್ಲ! ಬಾಗಲದಾಗ ಹ್ಯಾಂಗ ಹೋಗ್ತಾನ?” ನಾವು ನಾಲ್ವರೂ ಹೊಟ್ಟೆ ಹಿಡಿದು ನಕ್ಕೆವು. ಅವತ್ತೇ ಕೂತು ಅಳತೆಪಟ್ಟಿ ಹಿಡಿದು ನಿನಗೆ ಕಲಿಸಿದರು. ಮೇಜಿನ ಮೇಲಿನ ಒಂದು ಚೌಕ ಎಂದರೆ ಒಂದು ಗುಂಟೆ, ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲ. ನಕಾಶೆ ಹಾಕಿದ ಮೇಲೆ ಮೂರು ಕಡೆ ತಾಳೆ ನೋಡಬೇಕು, ಎರಡು ಕಡೆ ಕೂಡಿತೆಂದು ನಂಬಬಾರದು. ಆಮೇಲೆ ಅಪ್ಪನಿಗೂ ಒಂದು ಗೊಂಬೆ ಬಂತು. ಆಟದಲ್ಲಿ ಅವರು ನಮ್ಮ ದಂಡಿನ ಮುಂದೆ ದಾರಿ ಅಳೆಯುವವರು. ಅಮ್ಮ ತೀರಿದ ಮೇಲೆ ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ನೀವಿಬ್ಬರೂ ಅಷ್ಟು ಹತ್ತಿರ ಕೂತದ್ದನ್ನೂ ನೋಡಿರಲಿಲ್ಲ. ಒಂದೊಂದು ಸಲ ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು, ನಿಜ ಹೇಳುತ್ತೇನೆ.

ಮೆಹಕರದ ಬಾವಿಯ ಕಥೆ ನಿನಗೆ ಗೊತ್ತಿದ್ದದ್ದೇ. ಆದರೂ ಇನ್ನೊಮ್ಮೆ ಓದು, ಯಾಕೆಂದರೆ ನೀನು ಅದನ್ನು ಯಾವತ್ತೂ ಸರಿಯಾಗಿ ಕೇಳಿಸಿಕೊಂಡಿಲ್ಲ. ನಮ್ಮ ಓಣಿಯ ಮಂದಿ ನೀರು ಸೇದುತ್ತಿದ್ದದ್ದು ಹೊಲದ ಅಂಚಿನ ಒಂದೇ ಬಾವಿಯಿಂದ. ಪಕ್ಕದ ಹೊಲದವರು ಬಾವಿ ತಮ್ಮದೆಂದು ಅರ್ಜಿ ಹಾಕಿದಾಗ ನೀನು ಹುಟ್ಟಿರಲಿಲ್ಲ, ನಾನು ಐದು ವರ್ಷದವಳು. ಅಳೆಯಲು ಬಂದ ಸರ್ವೇಯರನ ಜೊತೆ ಸರಪಳಿ ಹಿಡಿದು ಬಂದವರು ನಮ್ಮ ಅಪ್ಪ. ಹೊಸ ನೌಕರಿ. ಸರಪಳಿ ಎಳೆದರು, ಗೆರೆ ಬಿತ್ತು, ಬಾವಿ ಆ ಹೊಲದೊಳಗೆ ಏಳು ಅಡಿ ಹೋಯಿತು. ಓಣಿಗೆ ಓಣಿಯೇ ಬಂದು ಅಪ್ಪನನ್ನು ಕೇಳಿತು, “ಮಾಣಿಕಾ, ಒಂದು ಹೆಜ್ಜಿ ಸರಿಸಿದ್ರ ನಿನಗೇನ ಆಗತಿತ್ತೋ?” ಅಪ್ಪ ಹೇಳಿದ್ದು ಒಂದೇ ಮಾತು, “ಸರಪಳಿ ಹೇಳಿದ್ದ ನಾ ಹೇಳ್ದೆ.” ಅಜ್ಜಿ ಎರಡು ವರ್ಷ ಮಗನ ಕೂಡ ಮಾತು ಬಿಟ್ಟಳು. ಬಾವಿಗೆ ಬೇಲಿ ಬಿತ್ತು. ನೀರಿಲ್ಲದೆ ಓಣಿಯವರು ಒಬ್ಬೊಬ್ಬರಾಗಿ ಊರು ಬಿಡತೊಡಗಿದರು. ನಾವು ಬೀದರಕ್ಕೆ ಬಂದೆವು. ಅಪ್ಪನ ಬಳಿ ಉಳಿದದ್ದು ಅದೊಂದೇ, ತಾನು ಸರಿಯಾಗಿ ಅಳೆದೆ ಎಂಬುದು. ಅದನ್ನೇ ಹಿಡಿದುಕೊಂಡು ಇಪ್ಪತ್ತೇಳು ವರ್ಷ ತಲೆ ಎತ್ತಿ ನಡೆದರು.

ಈಗ ಆ ದಿನದ ಮಾತಿಗೆ ಬರುತ್ತೇನೆ. ಏಪ್ರಿಲಿನ ಭೀಮ ಜಯಂತಿಗೆ ನಾಲ್ಕು ದಿನ ಇತ್ತು. ಬೆಳಿಗ್ಗೆಯಷ್ಟೇ ಒಂಬತ್ತು ದಿನದ ಮೇಲೆ ನಳ ಬಂದು, ಇದ್ದಬದ್ದ ಕೊಡ, ಬಕೆಟ್ಟು, ಡ್ರಮ್ಮು ತುಂಬಿಟ್ಟು ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆಯ ಆಟ ನಮ್ಮ ಮೆಹಕರದ್ದೇ ಎಂದು ನೀನು ವಾರದಿಂದ ಕುಣಿಯುತ್ತಿದ್ದೆ. ಬರ ಬಿದ್ದ ಊರು, ಊರಿಗೆ ನೀರು ತರುವ ದಂಡು. ಆಕಾಶದಿಂದ ತೆಗೆದ ಊರಿನ ಚಿತ್ರ ಇಳಿಸಿಕೊಂಡಿದ್ದೆ. ಅಪ್ಪ ಟ್ರಂಕಿನಿಂದ ತಾವೇ ಬಾವಿಯ ಅಳತೆಯ ಕಾಲಕ್ಕೆ ಕೈಯಾರೆ ನಕಲು ಮಾಡಿಟ್ಟುಕೊಂಡಿದ್ದ ನಕಾಶೆ ತೆಗೆದು ಮೇಜಿನ ಮೇಲೆ ಹಾಸಿದರು. ಆ ಕಾಗದದ ಮೇಲೆ ನಿನ್ನ ಬೆಳಕಿನ ಊರು ಬಿತ್ತು. ಶಾಲೆಯ ಮೇಲೆ ಶಾಲೆ ಕೂತಿತು, ಹುಣಸೆ ಮರದ ಮೇಲೆ ಹುಣಸೆ ಮರ. ಎರಡೂ ಮೇಜಿನ ಒಂದೇ ಕಡೆ. ಮೂರನೆಯದನ್ನು ನೀನು ನೋಡಲಿಲ್ಲ. ಅಪ್ಪನೂ ಹೇಳಲಿಲ್ಲ, ಅವರು ಅವತ್ತು ಖುಷಿಯಲ್ಲಿ ಸಣ್ಣ ಹುಡುಗನ ಹಾಗೆ ಇದು ನಮ್ಮ ಮನೆ, ಇದು ಸುಭದ್ರಾಬಾಯಿ ಅತ್ತೆಯ ಮನೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಆಮೇಲೆ ನೀನು ನಿನ್ನ ಗೊಂಬೆಯನ್ನು ಓಣಿಯಿಂದ ನಡೆಸಿಕೊಂಡು ಬಾವಿಗೆ ತಂದೆ. ಬೆಳಕಿನ ಬಾವಿ ಶಾಯಿಯ ಗಡಿಗೆರೆಯ ಈಚೆ ಇತ್ತು. ನಮ್ಮ ಕಡೆ. ಅರ್ಧ ಚೌಕದಷ್ಟು.

“ಅಪ್ಪಾ, ಬಾವಿ ನಮ್ಮ ಕಡಿ ಅದ” ಎಂದೆ ನೀನು. ಅಪ್ಪ ಬಗ್ಗಿ ನೋಡಿದರು. ಕೈಯಿಂದ ಒರೆಸಿದರು, ಒರೆಸಿದರೆ ಹೋಗುವುದೇನೋ ಎನ್ನುವಂತೆ. ಬಾವಿ ಅವರ ಕೈಯ ಮೇಲೇ ಬಂತು. ಹ್ಯಾಂಗ ಆತು, ಹ್ಯಾಂಗ ಆತು ಎಂದರು. ಆಗ ನೀನು ಎದ್ದು ನಿಂತು ಕೇಳಿದೆಯಲ್ಲ, “ಯಾರಿಗಿ ಹೆದರಿ ಸರಪಳಿ ಸಡಲ ಬಿಟ್ರಿ? ಇವತ್ತ ಓಣಿ ಖಾಲಿ ಆಗಿದ್ದ ನಿಮ್ಮ ಕೈಯಿಂದ.” ಮಕ್ಸೂದ ನಿನ್ನ ತೋಳು ಹಿಡಿದ, ನೀನು ಝಾಡಿಸಿದೆ. ನಾನು ಏನಾದರೂ ಹೇಳಬೇಕಿತ್ತು. ಬಾಗಿಲ ಬಳಿಯ ಕೊಡಗಳನ್ನು ಬದಿಗೆ ಸರಿಸುತ್ತಾ ನಿಂತೆ. ನೀನು ಚೀಲ ತುಂಬಿಕೊಂಡು ಬಾಗಿಲು ದಾಟುವಾಗ ಅಪ್ಪ ಇನ್ನೂ ಆ ಬೆಳಕನ್ನೇ ನೋಡುತ್ತಿದ್ದರು. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ತಿಂಗಳಷ್ಟೇ ಪಂಢರಿ, ಅವನ ಹೆಂಡತಿ ಮಕ್ಕಳು ಎಲ್ಲ ಓಣಿ ಬಿಟ್ಟು ಗಂಟುಮೂಟೆ ಕಟ್ಟಿದ್ದರು. ಆದರೆ ಗೋರಖ, ಆ ಒಂದು ಮಾತನ್ನು ನೀನು ನಾಲಗೆ ಕಚ್ಚಿಕೊಂಡು ನುಂಗಿದ್ದರೆ ಏನಾಗುತ್ತಿತ್ತು?

ಜಯಂತಿಗೆ ಅಪ್ಪ ಹೊರಗೆ ಹೆಜ್ಜೆ ಇಡಲಿಲ್ಲ. ಮಂದಿಗೆ ಮುಖ ಹ್ಯಾಂಗ ತೋರಸಲಿ ಎಂದರು. ಒಂದು ತಿಂಗಳು ಎರಡು ತುತ್ತು ಅನ್ನ ಮುಟ್ಟಿ ಎದ್ದರು. ಬುದ್ಧ ಪೂರ್ಣಿಮೆಯ ಮರುದಿನ ನಾನು ಸ್ನಾನಕ್ಕೆ ಹೋದಾಗ ತಮ್ಮ ಹಳೆಯ ಸರಪಳಿಯನ್ನು ಚೀಲಕ್ಕೆ ಹಾಕಿಕೊಂಡು ಭಾಲ್ಕಿಯ ಬಸ್ಸು ಹತ್ತಿಬಿಟ್ಟರು. ಮೆಹಕರಕ್ಕೆ ಹೋಗಿ ಮುಟ್ಟುವಷ್ಟರಲ್ಲಿ ನೆತ್ತಿಯ ಬಿಸಿಲು. ಮುಂದಿನದ್ದು ಪಂಢರಿಯ ಅವ್ವ ಸುಭದ್ರಾಬಾಯಿ ಅತ್ತೆ ಹೇಳಿದ್ದು, ಅವಳು ಈಗ ಓಣಿ ಕಾಯುತ್ತಾ ಉಳಿದ ಐದಾರು ಮುದುಕಿಯರಲ್ಲಿ ಒಬ್ಬಳು. ಅಪ್ಪ ಒಂದೊಂದೇ ಮನೆಯ ಮುಂದೆ ನಿಂತರಂತೆ. ಹಾಕಿದ ಬೀಗಕ್ಕೆ ಕೈ ಮುಗಿದು, ಮನೆಯ ಯಜಮಾನನ ಹೆಸರು ಹಿಡಿದು, “ತಪ್ಪಾಗ್ಯದ, ಹೊಟ್ಯಾಗ ಹಾಕೋರಿ” ಎಂದರಂತೆ. ಮೂವತ್ತೆರಡು ಮನೆ. ಅತ್ತೆ ಹಿಂದೆ ಹಿಂದೆ ಹೋಗಿ “ಅಣ್ಣಾ, ಒಳಗ ಯಾರೂ ಇಲ್ಲೋ” ಎಂದು ಸೆರಗು ಬಾಯಿಗಿಟ್ಟು ಅಳುತ್ತಿದ್ದಳಂತೆ.

ಆಮೇಲೆ ಬಾವಿ ಅಳೆಯಲು ಹೋದರು. ಸರಪಳಿಗೆ ಇಬ್ಬರು ಬೇಕು, ಒಬ್ಬರು ಈ ತುದಿ, ಒಬ್ಬರು ಆ ತುದಿ. ಊರಲ್ಲಿ ಹಿಡಿಯಬಲ್ಲ ಒಂದು ಕೈಯೂ ಇರಲಿಲ್ಲ. ತಮ್ಮ ಟವೆಲಿನಿಂದ ಒಂದು ತುದಿಯನ್ನು ಗಡಿಕಲ್ಲಿಗೆ ಕಟ್ಟಿ ಇನ್ನೊಂದನ್ನು ಎಳೆದರಂತೆ. ಟವೆಲು ಜಾರುತ್ತಿತ್ತು. ತಿರುಗಿ ಬಂದು ಕಟ್ಟುವುದು, ಮತ್ತೆ ಹೋಗಿ ಎಳೆಯುವುದು. ನಾಲ್ಕನೆಯ ಸಲವೋ ಐದನೆಯ ಸಲವೋ ಬೇಲಿಯ ಬುಡದಲ್ಲಿ ಬಿದ್ದುಬಿಟ್ಟರು. ಆ ಹೊಲದವರೇ ಓಡಿಬಂದು ಮುಖಕ್ಕೆ ನೀರು ಹೊಡೆದು, ತಮ್ಮ ಗಾಡಿಯಲ್ಲೇ ಭಾಲ್ಕಿಯ ದವಾಖಾನೆಗೆ ತಂದರು. ಹೊಡೆದದ್ದು ಅದೇ ಬಾವಿಯ ನೀರು. ಇಪ್ಪತ್ತೇಳು ವರ್ಷದ ಮೇಲೆ ಅಪ್ಪನಿಗೆ ಆ ನೀರು ಮುಟ್ಟಿದ್ದು ಹೀಗೆ.

ಹೋದ ರವಿವಾರ ಮಕ್ಸೂದ ಪ್ರೊಜೆಕ್ಟರ್ ಇಳಿಸಿಕೊಂಡು ಹೋಗಲು ಬಂದ. ಎರಡು ತಿಂಗಳಿಂದ ಅದು ದೂಳು ತಿನ್ನುತ್ತಾ ಅಲ್ಲೇ ಇತ್ತು. ಸ್ಟೂಲು ಹತ್ತಿದವನು “ಶಾಲು ಆಪಾ, ಇದೇನ್ರಿ?” ಎಂದು ಪ್ರೊಜೆಕ್ಟರಿನ ಒಂದು ಬದಿಯ ಅಡಿಯಿಂದ ನಾಲ್ಕು ಮಡಿಕೆಯ ರಟ್ಟಿನ ತುಂಡು ಎಳೆದು ತೋರಿಸಿದ. ಯಾರು ತುರುಕಿದರು ಎಂದು ಕೇಳಿದ. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಅವನೇ ಹೇಳುತ್ತಾ ಹೋದ, ಒಂದು ಬದಿ ಎತ್ತಿದರೆ ಬೆಳಕು ಓರೆಯಾಗುತ್ತದೆ, ಈ ಕಡೆ ಸರಿಯಿದ್ದರೂ ಆ ಕಡೆ ನಕಾಶೆ ಎಳೆದುಕೊಂಡು ಹಿಗ್ಗುತ್ತದೆ, ಮದುವೆಮನೆಯ ಪರದೆಯ ಮೇಲೂ ಹೀಗೇ ಆಗಿ ಮದುಮಗನ ತಲೆ ಕುಂಬಳಕಾಯಿಯಾಗುತ್ತದೆ ಎಂದು. ನಾನು ಚಹಾ ಅಲ್ಲೇ ಬಿಟ್ಟು ಹೊರಗೆ ಬಂದೆ. ಮೇಜನ್ನು ಮೊದಲಿದ್ದ ಜಾಗಕ್ಕೇ ಎಳೆದೆವು. ರಟ್ಟಿಲ್ಲದೆ ಪ್ರೊಜೆಕ್ಟರನ್ನು ಮಟ್ಟಸವಾಗಿ ಮಲಗಿಸಿದ. ಅಪ್ಪನ ನಕಾಶೆ ಹಾಸಿ, ನಿನ್ನ ಚಿತ್ರ ಹಾಕಿ, ಮೂರು ಕಡೆ ತಾಳೆ ನೋಡಿದೆವು. ಶಾಲೆ ಕೂಡಿತು, ಹುಣಸೆ ಮರ ಕೂಡಿತು, ಆಚೆ ದಂಡೆಯ ಗಡಿಕಲ್ಲೂ ಕೂಡಿತು. ಬೆಳಕಿನ ಬಾವಿ ಅಪ್ಪ ಶಾಯಿಯಲ್ಲಿ ಬರೆದ ಬಾವಿಯ ಮೇಲೇ ಬಿತ್ತು. ಗೆರೆಯ ಆಚೆ, ಏಳು ಅಡಿ. ಮಕ್ಸೂದ ಅಳತೆಪಟ್ಟಿ ಇಟ್ಟು ಇನ್ನೊಮ್ಮೆ ನೋಡಿದ. ನಮ್ಮ ಅಪ್ಪ ಸ್ವಂತ ಓಣಿಗೆ ಎದುರಾಗಿಯೂ ಒಂದು ಹೆಜ್ಜೆ ಸುಳ್ಳು ಅಳೆದವರಲ್ಲ.

ಅಪ್ಪನನ್ನು ಎತ್ತಿ ತಂದು ಕುರ್ಚಿಯ ಮೇಲೆ ಕೂರಿಸಿ ತೋರಿಸಿದೆವು. ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈಯಿಂದ ಮಕ್ಸೂದನ ಬೆನ್ನು ತಟ್ಟಿ, “ಛಲೋ ಹುಡುಗ” ಎಂದು ಕಣ್ಣು ಮುಚ್ಚಿಕೊಂಡರು. ರೋಗಿಷ್ಟನಿಗೆ ಸಮಾಧಾನವಾಗಲಿ ಎಂದು ನಾವಿಬ್ಬರೂ ಸೇರಿ ನಕಾಶೆ ಹೊಂದಿಸಿದ್ದೇವೆ ಎಂದೇ ತಿಳಿದರು. ನಾನು ಎಷ್ಟು ಹೇಳಿದರೂ ಒಂದೇ ಉತ್ತರ, “ಗೋರಖ ಬರ್ಲಿ. ಅಂವ ನೋಡ್ಲಿ.” ಓದಿದ ಮಗ ಹೇಳಿದ್ದನ್ನು ನಂಬಿ ತಮ್ಮ ಸರಪಳಿಯನ್ನೇ ಸುಳ್ಳೆಂದುಕೊಂಡ ಮನುಷ್ಯ ಅವರು, ಈಗ ನೀನೇ ಬಂದು ಸರಿಯೆನ್ನದೆ ಬೇರೆ ಯಾರ ಮಾತನ್ನೂ ನಂಬುವುದಿಲ್ಲ. ಬಾ, ತಮ್ಮಾ. ಕ್ಷಮೆ ಕೇಳಲು ನಾಚಿಕೆಯಾದರೆ ಕೇಳಬೇಡ. ಮೇಜಿನ ಮುಂದೆ ನಿಂತು, “ಅಪ್ಪಾ, ನಿಮ್ಮ ಅಳತಿ ಖರೆ ಅದ” ಎಂದು ಒಂದು ಮಾತು ಹೇಳು ಸಾಕು. ಪ್ರೊಜೆಕ್ಟರನ್ನು ಮಕ್ಸೂದ ಒಯ್ದಿಲ್ಲ, ನೀನು ಬರುವವರೆಗೂ ಅಲ್ಲೇ ಇರಲಿ ಎಂದಿದ್ದಾನೆ. ಎರಡು ಮದುವೆಯ ಕೆಲಸ ಬಿಟ್ಟಿದ್ದಾನೆ ಪಾಪ. ಡಾಕ್ಟರು ತಿಂಗಳ ಮಾತಾಡುತ್ತಿಲ್ಲ, ವಾರಗಳ ಮಾತಾಡುತ್ತಿದ್ದಾರೆ.

ಪಂಢರಿಗೆ, ಅವನ ಹೆಂಡತಿ ಮಕ್ಕಳಿಗೆ ನನ್ನ ಜೈಭೀಮ್ ಹೇಳು. ಅವನ ಅವ್ವ ಗಟ್ಟಿಯಾಗಿದ್ದಾಳೆ, ಅವಳಿಗೆ ಜೋಳದ ಹಿಟ್ಟು ಕಳಿಸಿದ್ದೇನೆ ಎಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಎಲ್ಲಿದ್ದರೂ ತಣ್ಣಗಿರು, ನನ್ನ ಆಯುಷ್ಯದಲ್ಲಿ ಒಂದು ಪಾಲು ನಿನಗಿರಲಿ.

ನಿನ್ನ ಬೈಗುಳದ ಅಕ್ಕ,
ಶಾಲು

ತಾ.ಕ.: ಸೋಮವಾರ ಬೆಳಿಗ್ಗೆ, ಬಸ್ಸಿಗೆ ಹತ್ತು ನಿಮಿಷ ಇದೆ, ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಆ ರಟ್ಟು ತುರುಕಿದವಳು ನಾನು. ಅವತ್ತು ನಳ ಬಂದಾಗ ಎರಡನೆಯ ಡ್ರಮ್ಮಿಗೆ ಜಾಗ ಸಾಲದೆ ಮೇಜನ್ನು ಗೋಡೆಯತ್ತ ಎಳೆದೆ. ಗುಂಡಿ ಒತ್ತಿ ನೋಡಿದರೆ ಬೆಳಕು ಅರ್ಧ ನೆಲದ ಮೇಲೆ ಬಿತ್ತು. ನೀನು ಕೂಗಾಡುತ್ತೀ ಎಂದು ಹೆದರಿ, ಹಳೆಯ ಹಾಜರಿ ಪುಸ್ತಕದ ರಟ್ಟು ಹರಿದು, ಮಡಿಚಿ ಪ್ರೊಜೆಕ್ಟರಿನ ಅಡಿಗಿಟ್ಟು, ಬೆಳಕನ್ನು ಮೇಜಿನ ಮೇಲೆ ತಂದೆ. ಅದರಿಂದ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಆದರೆ ರಟ್ಟು ಕಂಡ ಮೇಲೂ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ, ಈ ಕಾಗದದಲ್ಲೂ ಮುಚ್ಚಿಟ್ಟೆ. ಈಗ ಅಪ್ಪನಿಗೆ ಗಂಜಿ ಕುಡಿಸುವಾಗ ತಡೆಯಲಾಗದೆ ಎಲ್ಲ ಹೇಳಿ ಅವರ ಕಾಲು ಹಿಡಿದುಕೊಂಡೆ. ಅಪ್ಪ ನಂಬಿದರು, ಗೋರಖ. ಮೊದಲ ಸಲ ನಂಬಿದರು. ಅತ್ತರು. ಆಮೇಲೆ ಎಡಗೈ ನನ್ನ ತಲೆಯ ಮೇಲಿಟ್ಟು, ಒಂದೊಂದೇ ಮಾತು ಕೂಡಿಸಿ ಹೇಳಿದರು, “ಗೋರಖಗ ಹೇಳಬ್ಯಾಡ. ನಿನ್ನ ಮ್ಯಾಲ ಸಿಟ್ಟಾಗ್ತಾನ. ನಂದೇ ತಪ್ಪ ಅಂತ ಇರ್ಲಿ. ನಿಮಗ ಮುಂದ ಒಬ್ಬರಿಗೊಬ್ಬರು ಬೇಕು.” ಅಪ್ಪನ ಮಾತು ಮೀರಿ ನಿನಗೆ ಹೇಳಿದ್ದೇನೆ. ಸಿಟ್ಟು ಬಂದಿದ್ದರೆ ಬರಲಿ, ನನ್ನನ್ನು ಬೈಯಲಿಕ್ಕಾದರೂ ಬಾ.